ದೀಪದ ಕೋಣೆಯ ಕೀಲಿಕೈ

ಮುಂಬಯಿ
14-7-1963

ಚಿ॥ ಸೌ॥ ಕುಸುಮಾವತಿಗೆ ಭಾವ ಉಮಾನಾಥ ಶೆಟ್ಟಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಹೊರಟೆ, ಪೆನ್ನು ನಿಂತಿತು. ಎಲ್ಲರೂ ಎಂದರೆ ಈಗ ನಾನೊಬ್ಬನೇ. ನಿನ್ನ ಅಕ್ಕ ಹೋಗಿ ಒಂದೂವರೆ ತಿಂಗಳಾಯಿತು. ನನ್ನ ಸೋದರಳಿಯ ಶೇಖರ ತನ್ನ ಹೋಟೆಲಿನ ಮಾಳಿಗೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾನೆ. ಬೆಳಗ್ಗೆ ನಾಲ್ಕಕ್ಕೇ ಕೆಳಗಿನಿಂದ ಸಾಂಬಾರಿನ ಒಗ್ಗರಣೆ ಮೇಲೆ ಬರುತ್ತದೆ. ಗುಲಾಬಿ ಇದ್ದಿದ್ದರೆ, "ಇದಕ್ಕೆ ಕೊತ್ತಂಬರಿ ಹುರಿಯಲಿಲ್ಲ" ಎಂದು ಮೂಗಿನಲ್ಲೇ ಕಂಡುಹಿಡಿಯುತ್ತಿದ್ದಳು.

ಊರಿಗೆ ಯಾಕೆ ಬರಲಿಲ್ಲ ಎಂದು ನಿಮ್ಮಣ್ಣ ಮಂಜಯ್ಯ ಕೇಳಿ ಬರೆದಿದ್ದಾನೆ. ನಮ್ಮ ಅಳಿಯಸಂತಾನದ ಕಟ್ಟಲೆ ನಿನಗೆ ಗೊತ್ತೇ ಇದೆ. ಹಟ್ಟಿಯಂಗಡಿಯ ಮನೆ ಹೆಂಗಸರ ಮನೆ. ನಾನು ಅಲ್ಲಿ ಇಪ್ಪತ್ತೊಂಬತ್ತು ವರ್ಷ ಗಂಡನಾಗಿ ಇದ್ದೆ, ಅಂದರೆ ನೆಂಟನಾಗಿ ಇದ್ದೆ. ಮಕ್ಕಳಾಗಿದ್ದರೆ ಆ ಮಕ್ಕಳ ಅಪ್ಪ ಎಂದಾದರೂ ಒಂದು ಮೂಲೆ ಸಿಗುತ್ತಿತ್ತು. ಹೆಂಡತಿ ಹೋದ ಮೇಲೆ ನೆಂಟ ಎಷ್ಟು ದಿವಸ ಉಳಿಯಬಹುದು? ಆದರೂ ಅವಳ ವರ್ಷಾಂತಕ್ಕೆ ಬರುತ್ತೇನೆ. ಆ ಚಾವಡಿಯಲ್ಲಿ ನನಗೊಂದು ಎಲೆ ಹಾಕಿಸು, ಅಷ್ಟು ಸಾಕು.

ಇನ್ ಶಾರ್ಟ್, ನಾನಿಲ್ಲಿ ಖಾಲಿ ಕುಳಿತಿಲ್ಲ. ಮಂಗಳೂರಿನಲ್ಲಿ ಎರಡು ವರ್ಷ ಇಂಟರ್‌ಮೀಡಿಯೆಟ್ ಓದಿ ಫೇಲಾದ ಇಂಗ್ಲಿಷು ಮೂವತ್ತೈದು ವರ್ಷದ ಮೇಲೆ ಕೆಲಸಕ್ಕೆ ಬಂದಿದೆ. ಗುಲಾಬಿ ಮಲಗಿದ್ದ ಆಸ್ಪತ್ರೆಯ ಲೇಡಿ ಡಾಕ್ಟರಿಗೆ ಕನ್ನಡ ಬಾರದು. ನಮ್ಮ ಕಡೆಯಿಂದ ಬರುವ ಹೆಂಗಸರಿಗೆ ಬೇರೇನೂ ಬಾರದು. ಮಂಗಳವಾರ, ಶುಕ್ರವಾರ ಹೋಗಿ ನಡುವೆ ಕೂರುತ್ತೇನೆ.

ದೈವದ ಕೋಣೆಯ ದೀಪ ಈಗ ಯಾರು ಹಚ್ಚುತ್ತಾರೆ? ಬರೆ.

ನಿನ್ನ ಭಾವ

~

ಹಟ್ಟಿಯಂಗಡಿ
22-8-1963

ಭಾವನವರ ಪಾದಕ್ಕೆ ಕುಸುಮ ಮಾಡುವ ನಮಸ್ಕಾರ.

ದೀಪ ನನ್ನ ಕೈಗೆ ಬಂತು. ಮೊನ್ನೆ ಸೋಣ ಸಂಕ್ರಾಂತಿಯ ದಿವಸ ಅಣ್ಣ ಎಲ್ಲರನ್ನೂ ಚಾವಡಿಗೆ ಕರೆದು ಕೀಲಿಕೈ ಕೊಟ್ಟ. ನಾನು ಹೊರಗೆ ಕೂರುವುದು ನಿಂತು ಒಂದೂವರೆ ವರ್ಷ ಆಯಿತಲ್ಲ. ತಿಂಗಳಿಗೆ ಮೂರು ದಿವಸ ಹಿತ್ತಲ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಬಟ್ಟಲು ಇಟ್ಟುಕೊಂಡು ಕುಳಿತವಳು ಈಗ ಯಾವ ದಿವಸವೂ ಆ ಕೋಣೆಗೆ ಹೋಗಬಹುದು. ಮೊದಲ ದಿವಸ ಎಣ್ಣೆ ಚೆಲ್ಲಿದೆ. ಚಿಕ್ಕಮ್ಮನ ಮಗಳು ಪದ್ದು ಬಾಗಿಲಲ್ಲಿ ನಿಂತು, "ಎಂತ ಕುಸುಮಕ್ಕ, ದೈವಕ್ಕೆ ಎಣ್ಣೆ ಸ್ನಾನ ಮಾಡ್ಸುದಾ?" ಎಂದಳು. ಅವಳಿಗೂ ಇನ್ನೆರಡು ವರ್ಷಕ್ಕೆ ನಿಲ್ಲುತ್ತದೆ, ಅದಕ್ಕೇ ಇಣುಕುವುದು.

ಭಾವ, ಒಂದು ಕೇಳುತ್ತೇನೆ. ಅಕ್ಕನಿಗೆ ಏನಾಗಿತ್ತು? ಹೊಟ್ಟೆಯಲ್ಲಿ ಗಂಟು ಎಂದು ನೀವು ಬರೆದಿದ್ದಿರಿ. ಇಲ್ಲಿ ಜನ ದೈವದ ಮುನಿಸು ಅನ್ನುತ್ತಾರೆ. ನಾನು ಈಗ ಅವಳು ನಿಂತ ಜಾಗದಲ್ಲೇ ನಿಲ್ಲುತ್ತೇನೆ. ನನಗೆ ಗೊತ್ತಿರಬೇಕು.

ಕುಸುಮ

~

ಮುಂಬಯಿ
9-9-1963

ಚಿ॥ ಸೌ॥ ಕುಸುಮಾವತಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಹತ್ತು ದಿವಸವಾಯಿತು. ಹೆಂಡತಿಯ ತಂಗಿಗೆ ಬರೆಯುವ ಸಂಗತಿಯಲ್ಲ ಎಂದು ನಾಲ್ಕು ಸಲ ಹರಿದು ಹಾಕಿದೆ. ಮೊದಲು ಜಲಜನ ಕತೆ ಹೇಳುತ್ತೇನೆ, ಆಮೇಲೆ ಸುಲಭವಾಗುತ್ತದೆ.

ಜಲಜ ತ್ರಾಸಿಯ ಮೀನುಗಾರರ ಹೆಂಗಸು, ನಲವತ್ತೆರಡು ವರ್ಷ, ಆರು ಮಕ್ಕಳು. ಡಾಕ್ಟರು ಕೇಳಿದ್ದನ್ನು ನಾನು ಕನ್ನಡ ಮಾಡಿದರೆ ಇವಳು ಬಾಯಿಯೇ ತೆರೆಯಲಿಲ್ಲ. ಕಡೆಗೆ, "ಹ್ವಾಯ್ ಶೆಟ್ರೆ, ನೀವ್ ಗಂಡ್ಸ್. ನಿಮ್ಮತ್ರ ಎಂತ ಹೇಳುದ್?" ಎಂದಳು. "ನಾನ್ ಇಲ್ಲಿ ಗಂಡ್ಸಲ್ಲ, ಡಿಕ್ಷನರಿ" ಎಂದೆ. "ಹಂಗಾರೆ ನಿಮ್ಮ ಡಿಕ್ಷನರಿ ಗ್ವಾಡಿ ಬದಿಗ್ ಮುಖ ಮಾಡ್ಕಂಡ್ ಕೂಕಣ್ಲಿ!" ಎಂದಳು. ಹಾಗೆಯೇ ಕುರ್ಚಿ ತಿರುಗಿಸಿ, ಸುಣ್ಣದ ಗೋಡೆಗೆ ಮುಖ ಮಾಡಿ ಕುಳಿತೆ. ಗೋಡೆಯ ಹತ್ತಿರ ಅವಳು ಎಲ್ಲ ಹೇಳಿದಳು. ಅಂದಿನಿಂದ ಎಲ್ಲ ಹೆಂಗಸರಿಗೂ ಗೋಡೆಗೇ ಕೂರುತ್ತೇನೆ. ಈ ಕಾಗದವನ್ನೂ ಹಾಗೇ ಬರೆಯುತ್ತಿದ್ದೇನೆ ಎಂದು ತಿಳಿದುಕೋ.

ಹೊಟ್ಟೆಯಲ್ಲಿ ಗಂಟು ಎಂದದ್ದು ಸುಳ್ಳು. ನಿನ್ನ ಅಕ್ಕನಿಗೆ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್, ಜಲಜನಿಗೂ ಅದೇ. ಹೊರಗೆ ಕೂರುವುದು ನಿಂತು ಎರಡು ವರ್ಷವಾಗಿ, ದೀಪ ಅವಳ ಕೈಗೆ ಬಂದ ಮೇಲೆ, ಮತ್ತೆ ರಕ್ತ ಕಾಣಿಸಿತು. ಹೇಳಿದರೆ ಕೀಲಿಕೈ ಹೋಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹದಿನಾಲ್ಕು ತಿಂಗಳು ಹಾಗೆಯೇ ಹೋಗಿ ದೀಪ ಹಚ್ಚಿದಳು. ಸೊಂಟ ನೋಯಲು ಹತ್ತಿ, ಬಿಳಿ ನೀರು ವಾಸನೆ ಬಂದಾಗ ನನಗೆ ತಿಳಿಯಿತು. ಆಮೇಲೆ ಇಲ್ಲಿಗೆ ತಂದದ್ದು. ರೇಡಿಯಂ ಇಟ್ಟರು. ಟೂ ಲೇಟ್ ಎಂದರು.

ಡಾಕ್ಟರಮ್ಮ ಹೇಳಿದ್ದನ್ನು ಸರಿಯಾಗಿ ಓದು. ಈ ಕಾಯಿಲೆ ಒಂದು ದಿವಸಕ್ಕೆ ಬರುವುದಲ್ಲ. ಹುಣ್ಣು ಆಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಅಲ್ಲಿನ ಸಣ್ಣ ಸಣ್ಣ ಕಣ ರೂಪ ಬದಲಿಸಲು ಸುರು ಮಾಡುತ್ತದಂತೆ. ಆಗ ನೋವಿಲ್ಲ, ರಕ್ತವಿಲ್ಲ, ಏನೂ ಇಲ್ಲ. ಒಂದು ಮರದ ಚಪ್ಪಟೆ ಕಡ್ಡಿಯಿಂದ ಸವರಿ, ಗಾಜಿನ ತುಂಡಿಗೆ ಬಳಿದು, ಬಣ್ಣ ಹಾಕಿ ನೋಡಿದರೆ ಕಾಣುತ್ತದೆ. ಎರಡು ನಿಮಿಷದ ಕೆಲಸ. ಆಗಲೇ ಕಂಡರೆ ಅಷ್ಟೇ ಜಾಗ ತೆಗೆದುಬಿಟ್ಟರೆ ಮುಗಿಯಿತು, ಕ್ಯಾನ್ಸರ್ ಆಗುವುದೇ ಇಲ್ಲ. ಮಕ್ಕಳಾದ ಹೆಂಗಸರು ಏನೂ ತೊಂದರೆ ಇಲ್ಲದಾಗಲೇ ಹೋಗಿ ತೋರಿಸಬೇಕು. ನಿಂತ ಮೇಲೆ ಒಂದು ಹನಿ ಕಂಡರೂ ಅದು ಮುಟ್ಟು ಅಲ್ಲ, ಅದೇ ವಾರ ಓಡಬೇಕು.

ನೀನೂ ಹೋಗು, ಮಗಳು ವನಜನನ್ನೂ ಕರೆದುಕೊಂಡು ಹೋಗು. ಉಡುಪಿ ಕಡೆಯ ಆಸ್ಪತ್ರೆಯಲ್ಲಿ ಗಾಜು ತೆಗೆದು ಪರೀಕ್ಷೆಗೆ ಬೇರೆ ಊರಿಗೆ ಕಳಿಸುತ್ತಾರಂತೆ.

ನಿನ್ನ ಭಾವ

~

ಹಟ್ಟಿಯಂಗಡಿ
3-2-1964

ಭಾವನವರಿಗೆ ನಮಸ್ಕಾರ.

ಬರೆಯಲು ತಡವಾಯಿತು. ವನಜ ಎರಡನೆಯ ಬಾಣಂತನಕ್ಕೆ ಬಂದಿದ್ದಳು, ಗಂಡು ಮಗು. ಸುಗ್ಗಿ ಬೆಳೆಗೆ ನೀರು ಸಾಲದು. ಬಯಲಿಗೆ ಇಳಿಯಲು ನನಗೂ ಈ ವರ್ಷ ಸುಸ್ತು.

ದೀಪ ಈಗ ಪದ್ದು ಹಚ್ಚುತ್ತಾಳೆ. ಅವಳಿಗೆ ಬೇಗ ನಿಂತಿತು. ಕೀಲಿಕೈ ಅವಳ ಸೊಂಟದಲ್ಲಿದೆ.

ಅಕ್ಕ ಮಾಡಿದ ಹಾಗೆ ನಾನು ಮಾಡಲಿಲ್ಲ. ನೀವು ಬರೆದದ್ದು ಒಳ್ಳೆಯದಾಯಿತು. ನೀವು ಹೆದರಬೇಡಿ.

ಕುಸುಮ

~

ಮುಂಬಯಿ
20-2-1964

ಚಿ॥ ಸೌ॥ ಕುಸುಮಾವತಿಗೆ ಆಶೀರ್ವಾದ.

ಮಗು ಹುಟ್ಟಿದ ಸುದ್ದಿ ಕೇಳಿ ಶೇಖರ ಇಡೀ ಹೋಟೆಲಿಗೆ ಶೀರಾ ಹಂಚಿದ. ಆದರೆ ಪದ್ದುವಿನ ಸೊಂಟದ ಕೀಲಿಕೈ ನನ್ನ ಕಣ್ಣಿಗೆ ಚುಚ್ಚಿತು. ಆರು ತಿಂಗಳೂ ಆಗಲಿಲ್ಲ, ನಿನ್ನ ಕೈಯಿಂದ ಕಿತ್ತುಕೊಂಡರೇ? ಮಂಜಯ್ಯನ ಕಿವಿ ಮೊದಲೇ ಹಿತ್ತಾಳೆ, ಪದ್ದುವಿನ ಬಾಯಿ ಮೊದಲೇ ದೊಡ್ಡದು. ಎಣ್ಣೆ ಚೆಲ್ಲಿದ್ದನ್ನೇ ದೊಡ್ಡದು ಮಾಡಿರಬೇಕು. ಕುಸುಮ, ಫ್ಯಾಮಿಲಿ ಪಾಲಿಟಿಕ್ಸಿಗೆ ಬೇಸರ ಮಾಡಿಕೊಳ್ಳಬೇಡ. ಮರ್ಯಾದೆ ಎಂಬುದು ಒಂದು ಕೀಲಿಕೈಯಲ್ಲಿ ಇರುವುದಿಲ್ಲ. ಹೀಗೆ ನಾನು ಬರೆಯುವುದು ಸುಲಭ, ನಿನ್ನ ಅಕ್ಕನಿಗೆ ಮಾತ್ರ ಅದರಲ್ಲೇ ಇತ್ತು.

ಹೆದರಬೇಡಿ ಎಂದು ಬರೆದೆಯಲ್ಲ, ಕಡ್ಡಿಯ ಪರೀಕ್ಷೆ ಮಾಡಿಸಿದೆ ಎಂದು ತಿಳಿದು ಸಮಾಧಾನವಾಯಿತು.

ಜಲಜ ಹೋದಳು. ಕಡೆಯ ವಾರ ನಾನು ಗೋಡೆಗೆ ತಿರುಗಿದರೆ, "ಇನ್ನ್ ತಿರ್ಗಿ ಶೆಟ್ರೆ, ಮುಚ್ಚುಕೆ ಎಂತ ಉಳಿದಿತ್?" ಎಂದಳು. ಆಮೇಲೆ, "ನಿಮ್ಮ್ ಇಂಗ್ಲೀಷ್ ನಂಗ್ ಎರಡ್ ವರ್ಷ ಮುಂಚೆ ಸಿಕ್ಬೇಕಿತ್" ಎಂದಳು. ಡಾಕ್ಟರಮ್ಮ ಏನು ಹೇಳಿದ್ದು ಎಂದು ಕೇಳಿದರು. ಅದನ್ನು ಇಂಗ್ಲಿಷ್ ಮಾಡಲು ನನಗೆ ಬರಲಿಲ್ಲ.

ನಿನ್ನ ಭಾವ

~

ಹಟ್ಟಿಯಂಗಡಿ
11-5-1964

ಭಾವನವರಿಗೆ ನಮಸ್ಕಾರ.

ಕೀಲಿಕೈ ಯಾರೂ ಕಿತ್ತುಕೊಳ್ಳಲಿಲ್ಲ. ಪದ್ದು ಮೇಲೆ ಸುಮ್ಮನೆ ಹೇಳಬೇಡಿ. ನಾನೇ ಚಾವಡಿಯ ಮೆಟ್ಟಿಲಲ್ಲಿ ಇಟ್ಟು ಬಂದೆ.

ದೀಪಾವಳಿಯ ಎಣ್ಣೆ ಸ್ನಾನದ ದಿವಸ ನನಗೆ ಮತ್ತೆ ಕಂಡಿತು. ಆ ಕ್ಷಣಕ್ಕೇ ಅಣ್ಣನಿಗೆ ಅತ್ತಿಗೆಯ ಬಾಯಿಂದ ಹೇಳಿಸಿದೆ. ಹಿತ್ತಲ ಜಗಲಿಗೆ ಹೋಗಿ ಕುಳಿತೆ. ಮೊದಲು ಮೂರು ದಿವಸ ಇರುತ್ತಿತ್ತು, ಈಗ ಹತ್ತು ಹನ್ನೆರಡು ದಿವಸ ಇರುತ್ತದೆ. ಅಷ್ಟು ದಿವಸವೂ ಒಳಗೆ ಕಾಲಿಡುವುದಿಲ್ಲ. ಕೆಲವು ತಿಂಗಳು ಪೂರಾ ಹೊರಗೇ. ಅಕ್ಕ ಮುಚ್ಚಿಟ್ಟು ದೈವದ ಕೋಣೆಗೆ ಹೋದಳು, ಅದಕ್ಕೆ ಹಾಗಾಯಿತು. ನೀವು ಬರೆದ ಮೇಲೆಯೇ ನನಗೆ ಬುದ್ಧಿ ಬಂದದ್ದು. ನಾನು ಒಂದು ಹನಿಯನ್ನೂ ಮುಚ್ಚಿಡಲಿಲ್ಲ. ನನ್ನ ಮೇಲೆ ದೈವಕ್ಕೆ ಸಿಟ್ಟು ಯಾಕೆ ಬರಬೇಕು? ಆ ಕಾಯಿಲೆ ನನಗೆ ಯಾಕೆ ಬರುತ್ತದೆ?

ಕಡ್ಡಿ ಗಾಜು ಏನೂ ಮಾಡಿಸಲಿಲ್ಲ. ಹೊರಗೆ ಕುಳಿತವಳು ಬಸ್ಸು ಹತ್ತಿ ಊರೆಲ್ಲ ಮುಟ್ಟಿಕೊಂಡು ಹೋಗುವುದು ಹೇಗೆ?

ಸೊಂಟ ನೋವು ಇದೆ. ಸಿಮೆಂಟಿನ ಮೇಲೆ ಮಲಗಿ ಇರಬೇಕು. ಅಕ್ಕನ ವರ್ಷಾಂತಕ್ಕೆ ನೀವು ಬರುತ್ತೀರಲ್ಲ, ಎಲೆ ಹಾಕಿಸುತ್ತೇನೆ. ಬಡಿಸಲು ನಾನಿರುವುದಿಲ್ಲ.

ಕುಸುಮ

~

ಮುಂಬಯಿ
16-5-1964
ಎಕ್ಸ್‌ಪ್ರೆಸ್ ಡೆಲಿವರಿ

ಕುಸುಮ,

ನಿನ್ನ ಕಾಗದ ಬೆಳಗ್ಗೆ ಬಂತು. ವರ್ಷಾಂತಕ್ಕೆ ಹೊರಡಲು ಕಟ್ಟಿದ್ದ ಟ್ರಂಕನ್ನು ಬಿಚ್ಚಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನೀನು ಕೂಡಲೇ ಇಲ್ಲಿಗೆ ಬರಬೇಕು. ಯಾಕೆ ಎಂದು ಹೇಳಲು ನಾನು ಒಂದು ವಿಷಯ ಒಪ್ಪಿಕೊಳ್ಳಬೇಕಾಗಿದೆ.

ನಿನ್ನ ಅಕ್ಕ ಏನನ್ನೂ ಅಶುದ್ಧ ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ನಾನು ಬರೆದದ್ದು ಸುಳ್ಳು.

ರಕ್ತ ಕಂಡ ದಿವಸವೇ ಅವಳು ನನಗೆ ಹೇಳಿದಳು. ಬಾವಿಕಟ್ಟೆಯ ಹತ್ತಿರ ನಿಂತು, "ಹ್ವಾಯ್, ಮತ್ತೆ ಸುರು ಆಯ್ತ್. ಕೀಲಿಕೈ ಕೊಟ್ಟ್ ಬಿಡ್ತೆ" ಎಂದಳು. ಅವಳ ಮುಖ ನೋಡಲಾಗಲಿಲ್ಲ. ಮಕ್ಕಳಿಲ್ಲದವಳಿಗೆ ನಿಮ್ಮ ಮನೆಯಲ್ಲಿ ಏನು ಸ್ಥಾನವಿತ್ತು ಎಂದು ನಿನಗೆ ಗೊತ್ತು. ತೊಟ್ಟಿಲು ತೂಗಲೂ ಅವಳನ್ನು ಕರೆಯುತ್ತಿರಲಿಲ್ಲ. ಆ ದೀಪ ಬಂದ ಮೇಲೆಯೇ ಅವಳು ಚಾವಡಿಯಲ್ಲಿ ತಲೆಯೆತ್ತಿ ನಡೆದದ್ದು. ನಾನು, "ಕೊಡ್ಬೇಡ. ಯಾರಿಗೂ ಹೇಳ್ಬೇಡ. ನಿಂಗಾಗ್ದಿದ್ ದಿನ ನಾ ಹಚ್ತೆ" ಎಂದೆ.

ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ಅಂಥ ದಿವಸ ಮುಸ್ಸಂಜೆ ಅವಳು ಎಣ್ಣೆಯ ಗಿಂಡಿ ಹಿಡಿದು ಎಲ್ಲರ ಕಣ್ಣೆದುರು ಚಾವಡಿ ದಾಟಿ ಬಾಗಿಲ ತನಕ ಬರುತ್ತಿದ್ದಳು. ನಾನು ಹಿಂದಿನ ಕಿರುಬಾಗಿಲಿನಿಂದ ಮೊದಲೇ ಒಳಗೆ ಹೋಗಿ ನಿಂತಿರುತ್ತಿದ್ದೆ. ಅವಳು ಹೊಸಿಲಿನ ಈಚೆ, ನಾನು ಆಚೆ. ಗಿಂಡಿಯನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ, ನೆಲದಲ್ಲಿ ಇಟ್ಟು ಸರಿಯುತ್ತಿದ್ದಳು. ಒಂದು ದಿವಸವೂ ಅವಳ ಕಾಲ ಬೆರಳು ಹೊಸಿಲು ದಾಟಲಿಲ್ಲ. ಆ ಮನೆಯ ಹೊಟ್ಟೆಯಲ್ಲಿ ಹುಟ್ಟಿದ ಹೆಂಗಸು ಹಚ್ಚಬೇಕಾದ ದೀಪವನ್ನು ಹೊರಗಿನಿಂದ ಬಂದ ಗಂಡಸು ನಾನು ಹಚ್ಚಿದೆ.

ನಿನಗೆ ಬರೆಯುವಾಗ ಅದನ್ನು ಸತ್ತವಳ ಮೇಲೆ ಹಾಕಿದೆ. ಸತ್ತವಳನ್ನು ಮಂಜಯ್ಯ ಏನು ಮಾಡಿಯಾನು? ನನಗೆ ನಿಮ್ಮ ಚಾವಡಿಯಲ್ಲಿ ಒಂದು ಎಲೆ ಬೇಕಿತ್ತು. ಆ ಎಲೆಗಾಗಿ ಬರೆದ ಸುಳ್ಳನ್ನು ನಂಬಿ ನೀನು ಆರು ತಿಂಗಳು ಹಿತ್ತಲಲ್ಲಿ ಕುಳಿತೆ. ನಾನು ಫೆಬ್ರವರಿಯಲ್ಲಾದರೂ ಸರಿಯಾಗಿ ಓದಬೇಕಿತ್ತು. ಪದ್ದುವನ್ನು ಬೈದುಕೊಂಡು ಕುಳಿತೆ.

ಈಗ ಯೋಚಿಸು. ದೈವದ ಸಿಟ್ಟಿನಿಂದ ಕಾಯಿಲೆ ಬರುವುದಾದರೆ ಯಾರಿಗೆ ಬರಬೇಕಿತ್ತು? ಒಳಗೆ ಹೋದವನು ನಾನು. ನನಗೆ ಅರುವತ್ತು ವರ್ಷ, ಎರಡು ತಟ್ಟೆ ಇಡ್ಲಿ ತಿನ್ನುತ್ತೇನೆ, ಮೂರು ಮಾಳಿಗೆ ಹತ್ತುತ್ತೇನೆ, ಒಂದು ಹಲ್ಲು ಕೂಡ ಬಿದ್ದಿಲ್ಲ. ಏನೂ ತಪ್ಪು ಮಾಡದವಳು ಹೋದಳು. ನೀನೂ ಏನೂ ತಪ್ಪು ಮಾಡಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಕುಸುಮ. ಅವಳು ಕೆಟ್ಟದ್ದು ದೈವಕ್ಕೆ ಮುಚ್ಚಿಟ್ಟು ಅಲ್ಲ, ಡಾಕ್ಟರಿಗೆ ಮುಚ್ಚಿಟ್ಟು. ಮುಚ್ಚಿಡು ಎಂದವನು ನಾನು.

ಶೇಖರನ ಹೋಟೆಲಿನ ಕಿಟ್ಟ ಊರಿಗೆ ಬಂದಿದ್ದಾನೆ, 25ನೇ ತಾರೀಕು ಸೋಮವಾರ ಹೊರಡುತ್ತಾನೆ. ಅವನ ಜೊತೆ ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ರೈಲು. ಹೊರಗೆ ಕುಳಿತಲ್ಲಿಂದಲೇ ಎದ್ದು ಬಾ. ಎಲೆ ಹಾಕಿಸಬೇಡ.

ಉಮಾನಾಥ

~

ಹಟ್ಟಿಯಂಗಡಿ
30-10-1964

ಭಾವನವರಿಗೆ ನಮಸ್ಕಾರ.

ಊರು ಮುಟ್ಟಿ ವಾರವಾಯಿತು. ಮುಂಬಯಿಯಲ್ಲಿ ಐದು ತಿಂಗಳು ನೀವು ದಿನಾ ಗೋಡೆಗೆ ಮುಖ ಮಾಡಿ ಕುಳಿತದ್ದು ಕಣ್ಣಲ್ಲೇ ಇದೆ. ಡಾಕ್ಟರಮ್ಮ ಒಂದು ದಿವಸ ಬಹಳ ಹೊತ್ತು ಮಾತಾಡಿದರು, ನೀವು ಅದನ್ನು ಎರಡೇ ಮಾತಿನಲ್ಲಿ, "ವಾಸಿ ಆತ್ತ್ ಅಂದ್ರ್" ಎಂದಿರಿ. ಆಮೇಲೆ ಕಾಯಿಲೆ ಎಷ್ಟು ಮೆಟ್ಟಿಲು ಏರಿದೆ ಎಂದು ದಾದಿಯ ಹತ್ತಿರ ಕೈಸನ್ನೆಯಲ್ಲಿ ಕೇಳಿದೆ. ಮೂರು ಬೆರಳು ತೋರಿಸಿದಳು. ನಾಲ್ಕಕ್ಕೆ ಮುಗಿಯುತ್ತದೆ ಎಂದು ಸನ್ನೆ ಮಾಡಿದಳು. ಆರು ತಿಂಗಳು ಮುಂಚೆ ಬಂದಿದ್ದರೆ ಎಷ್ಟು ಬೆರಳು ಎಂದು ಕೇಳಿದೆ. ಅವಳು ಎದ್ದು ಹೋದಳು.

ಒಂದು ಕೆಲಸ ನಿಮ್ಮನ್ನು ಕೇಳದೆ ಮಾಡಿದೆ. ಅಕ್ಕ ಮುಚ್ಚಿಟ್ಟಳೆಂದು ನಾನೇ ಹಿಂದೆ ಅತ್ತಿಗೆಗೆ ಹೇಳಿದ್ದೆ. ನಾನು ಬಂದ ಮೇಲೆ ಮನೆಯಲ್ಲಿ, ಗುಲಾಬಿ ಮಾಡಿದ್ದು ಕುಸುಮನಿಗೂ ತಾಗಿತು ಎಂದು ಮಾತಾಡಿಕೊಂಡರು. ಅಕ್ಕನ ಹೆಸರು ಬಿಡಿಸಬೇಕಿತ್ತು. ನಿಮ್ಮ ಮೇ ತಿಂಗಳ ಕಾಗದವನ್ನು ಚಾವಡಿಯಲ್ಲಿ ಎಲ್ಲರೆದುರು ಓದಿದೆ.

ಅಣ್ಣ, "ಅಂವ ಹಚ್ಚಿದ್ದಾ? ನಮ್ಮನಿ ದೀಪವಾ?" ಎಂದ. "ಹೌದ್ ಅಣ್ಣ. ಅಕ್ಕ ದಾಟ್ಲಿಲ್ಲೆ" ಎಂದೆ. "ಇನ್ನ್ ಅಂವ ಈ ಮೆಟ್ಲ್ ಹತ್ತುಕಾಗ" ಎಂದ. ಮರುದಿವಸ ಭಟ್ಟರನ್ನು ಕರೆಸಿ ಕೋಣೆ ಶುದ್ಧ ಮಾಡಿಸಿದರು. ನಿಮಗೆ ಇಲ್ಲಿ ಎಲೆ ಇಲ್ಲ ಭಾವ. ನನಗೆ ಏನಾದರೂ ಬರಬೇಡಿ. ಬಾಗಿಲಲ್ಲಿ ನಿಲ್ಲಿಸುತ್ತಾರೆ, ನನ್ನಿಂದ ನೋಡಲಾಗುವುದಿಲ್ಲ.

ಅಕ್ಕನ ಹೆಸರು ಮಾತ್ರ ಈಗ ಯಾರೂ ಎತ್ತುವುದಿಲ್ಲ.

ಕುಸುಮ

~

ಮುಂಬಯಿ
12-11-1964

ಕುಸುಮ,

ಓದಿದ್ದು ಸರಿ. ಎಲೆಯ ವಿಷಯ ಬಿಡು.

ಡಾಕ್ಟರಮ್ಮನ ಮಾತನ್ನು ನಾನು ಗಿಡ್ಡ ಮಾಡಿದ್ದು ಹೌದು. ಎಲ್ಲ ಹೆಂಗಸರಿಗೂ ಸರಿಯಾಗಿ ಹೇಳಿದವನಿಗೆ ನಿನ್ನ ಎದುರು ಭಾಷೆಯೇ ಮರೆತುಹೋಯಿತು. ಇನ್ನು ಹಾಗೆ ಮಾಡುವುದಿಲ್ಲ.

ಈಗ ವನಜ. ಅವಳಿಗೆ ಇಪ್ಪತ್ತೆಂಟು ವರ್ಷ, ಎರಡು ಮಕ್ಕಳು, ಏನೂ ತೊಂದರೆಯಿಲ್ಲ. ತೊಂದರೆ ಇಲ್ಲದಿರುವಾಗಲೇ ಹೋಗಬೇಕು, ಅದೇ ಇದರ ಗುಟ್ಟು. ಮಂಜಯ್ಯನನ್ನು ಕೇಳಬೇಡ. ಕಳಿಸು. ಪದ್ದುವಿಗೂ ಹೇಳು, ನಾನು ಹೇಳಿದ್ದು ಎನ್ನಬೇಡ.

ಉಮಾನಾಥ

~

ಹಟ್ಟಿಯಂಗಡಿ
8-3-1965

ಭಾವನವರಿಗೆ ಕುಸುಮನ ನಮಸ್ಕಾರ.

ಅಕ್ಷರ ವನಜನದ್ದು, ಮಾತು ನನ್ನದು. ಪೆನ್ನು ಹಿಡಿಯಲು ಆಗುವುದಿಲ್ಲ. ಹಿತ್ತಲ ಜಗಲಿಯಲ್ಲೇ ಇದ್ದೇನೆ. ಈಗ ಕಟ್ಟಲೆಗಾಗಿ ಅಲ್ಲ, ವಾಸನೆಗೆ. ಮಗುವನ್ನು ಹತ್ತಿರ ತರಬೇಡ ಎಂದು ನಾನೇ ಹೇಳಿದ್ದೇನೆ. ತರುತ್ತಾಳೆ.

ವನಜ ಹೋಗಿ ಬಂದಳು. ಕಡ್ಡಿಯಲ್ಲಿ ತೆಗೆದರಂತೆ. "ಎಂತ ನೋವಿಲ್ಲೆ ಅಮ್ಮ, ನಾಚ್ಕಿ ಮಾತ್ರ" ಎಂದಳು. ನಾಚಿಕೆಗೆ ಸಾಯುವುದಕ್ಕಿಂತ ನಾಚಿಕೆಪಟ್ಟು ಬರುವುದು ಒಳ್ಳೆಯದು ಎಂದೆ. ಪದ್ದು ಹೋಗಲಿಲ್ಲ. ದೀಪ ಹಚ್ಚುವವಳು ಅಲ್ಲಿ ಹೋಗಿ ಹಾಗೆಲ್ಲ ಮಲಗಬಾರದಂತೆ. ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಒಂದು ತಿಂಗಳು ಬಿಟ್ಟು ನಿನ್ನೆ ಆಸ್ಪತ್ರೆಯ ಕಾಗದ ಬಂತು. ಎಲ್ಲ ಇಂಗ್ಲಿಷ್. ವನಜನ ಗಂಡ ಓದಿ, ಏನೂ ಇಲ್ಲ ಎಂದ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ನಿಜವೋ, ಗೊತ್ತಾಗುವುದಿಲ್ಲ. ನನಗೆ ಈಗ ಯಾರ ಮಾತಿನ ಮೇಲೂ ನಂಬಿಕೆ ಬರುವುದಿಲ್ಲ. ಅದರಲ್ಲಿ ಇದ್ದ ಸಾಲನ್ನು ವನಜ ಇಲ್ಲಿ ಹಾಗೆಯೇ ಬರೆದಿದ್ದಾಳೆ: ನೋ ಮ್ಯಾಲಿಗ್ನೆಂಟ್ ಸೆಲ್ಸ್ ಸೀನ್. ರಿಪೀಟ್ ಆಫ್ಟರ್ ಒನ್ ಇಯರ್.

ಭಾವ, ಇದನ್ನು ಗೋಡೆಗೆ ಮುಖ ಮಾಡಿ ಓದಬೇಡಿ. ನನಗೆ ಹೇಳಿದ ಹಾಗೆ ಗಿಡ್ಡವೂ ಮಾಡಬೇಡಿ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಬೇಗ.

ಕುಸುಮ

~

ಮುಂಬಯಿ
13-3-1965
ಎಕ್ಸ್‌ಪ್ರೆಸ್ ಡೆಲಿವರಿ

ಚಿ॥ ಸೌ॥ ವನಜ,

ಇದನ್ನು ಅಮ್ಮನ ಹತ್ತಿರ ಕುಳಿತು ಗಟ್ಟಿಯಾಗಿ ಓದು.

ಕೆಟ್ಟ ಕಣ ಒಂದೂ ಕಾಣಲಿಲ್ಲ. ಒಂದು ವರ್ಷ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಅಷ್ಟೇ ಬರೆದದ್ದು. ಅದರಲ್ಲಿ ಬೇರೆ ಮಾತಿಲ್ಲ, ನಾನು ಬಿಟ್ಟದ್ದಿಲ್ಲ, ಸೇರಿಸಿದ್ದಿಲ್ಲ. ಡಾಕ್ಟರಮ್ಮನಿಗೂ ತೋರಿಸಿ ಕೇಳಿದೆ. ಹೌದು ಎಂದರು.

ಅಮ್ಮ ಕಣ್ಣು ಬಿಡದಿದ್ದರೂ ಓದು. ಎರಡು ಸಲ ಓದು.

ಉಮಾನಾಥ